ಬಾವಿಯ ಈಜು, ಕಡಲಿನ ಮುಳುಗು

ನಿಂಬರ್ಗಾ, ಆಳಂದ, ಅಫಜಲಪುರಗಳ ಸೀಮೆಯವರಿಗೆ ಕಡಲು ದೂರ, ಬಾವಿ ಹತ್ತಿರ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತ ತರುಣರು ಉಸಿರು ಬಿಗಿಹಿಡಿದು ಧುಮುಕಿ, ತಳದ ಕೆಸರನ್ನು ಮುಷ್ಟಿಯಲ್ಲಿ ತಂದು ತೋರಿಸುವುದುಂಟು. ಅಂಥವರಲ್ಲಿ ಕೆಲವರು ಈಗ ರಜೆಯಲ್ಲಿ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ, ಗಾಳಿಯ ಸಿಲಿಂಡರನ್ನು ಬೆನ್ನಿಗೇರಿಸಿ ಮುಳುಗುವ ಸ್ಕೂಬಾ ವಿನೋದವನ್ನು ಬಯಸುತ್ತಿರುವರು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜಕುಮಾರರು ಅಲ್ಲಿ ಮುಳುಗಿದುದನ್ನು ನೋಡಿದ ಮನೆಗಳಲ್ಲಿ ಈ ಆಸೆ ಮೂಡಿದರೆ ಆಶ್ಚರ್ಯವಿಲ್ಲ. ಆಸೆಯೇನೋ ಒಳ್ಳೆಯದೇ, ಆದರೆ ಬಾವಿಯಲ್ಲಿ ಗುಣವೆನಿಸಿದ ಅಭ್ಯಾಸವೊಂದು ಅಲ್ಲಿ ಪ್ರಾಣಕ್ಕೇ ಎರವಾಗಬಲ್ಲುದೆಂಬುದನ್ನು ಹಿರಿಯರೂ ಕಿರಿಯರೂ ಮೊದಲೇ ತಿಳಿದಿರತಕ್ಕದ್ದು.

ಆ ಅಭ್ಯಾಸವಾವುದೆಂದರೆ ಉಸಿರು ಕಟ್ಟುವುದು. ಬಾವಿಯಲ್ಲಿ ಮುಳುಗುವವನು ದಡದ ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು ಇಳಿಯುವನು. ಆ ಗಾಳಿ ಆಳದಲ್ಲಿ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುವುದು, ಅಪಾಯವಿಲ್ಲ. ಸಿಲಿಂಡರಿನಿಂದ ಉಸಿರಾಡುವವನಾದರೋ ಆಳದಲ್ಲಿಯೇ ಎದೆ ತುಂಬಿಕೊಳ್ಳುವನು. ಕಡಲಿನಲ್ಲಿ 10 ಮೀಟರು ಕೆಳಗೆ ಒತ್ತಡವು ಮೇಲಿನದರ ಇಮ್ಮಡಿ. ಅಲ್ಲಿ ತುಂಬಿಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಅದು ಇಮ್ಮಡಿಯಾಗಿ ಹಿಗ್ಗಲು ಹವಣಿಸಿ ಶ್ವಾಸಕೋಶವನ್ನೇ ಹರಿಯಬಹುದು. ಆದಕಾರಣ ನೀರಿನಡಿಯಲ್ಲಿ ಉಸಿರಾಟವು ಎಂದಿಗೂ ನಿಲ್ಲಬಾರದು. ಮೇಲೇರುವುದು ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿರಬಾರದು. 5 ಮೀಟರಿನ ಆಳದಲ್ಲಿ 3 ನಿಮಿಷ ನಿಂತು ಬರುವುದು ಅನುಭವಿಗಳ ರೂಢಿ.

ಇನ್ನು ಪ್ರಯಾಣದ ಸಿದ್ಧತೆ. ಮಳೆಗಾಲದ ಕಡಲು ಇದಕ್ಕೆ ಒಗ್ಗದು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಹೋಗುವುದು ವಾಡಿಕೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿ ಬೆಳಿಗ್ಗೆ ದೋಣಿ ಹತ್ತುವುದು ಜಾಣತನವಲ್ಲ. ಹಿಂದಿನ ದಿನವೇ ಮುಟ್ಟಿ, ಚೆನ್ನಾಗಿ ನಿದ್ರಿಸಿ, ಬೆಳಿಗ್ಗೆ ಹಗುರವಾಗಿ ತಿನ್ನಬೇಕು. ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿಗಳು ದಡಕ್ಕೆ ಮರಳಿದ ಮೇಲಿರಲಿ. ಮದ್ಯವಂತೂ ಕೂಡದು. ನೆಗಡಿಯಾದವರು ಇಳಿಯಬಾರದು, ಮೂಗು ಹಿಡಿದು ಮೆಲ್ಲನೆ ಊದಿ ಕಿವಿಯ ಒತ್ತಡವನ್ನು ಸರಿಗೊಳಿಸುತ್ತ ಇಳಿಯಬೇಕಾದುದರಿಂದ, ಮೂಗು ಕಟ್ಟಿದ್ದರೆ ಕಿವಿಯ ತಮಟೆಗೇ ಕೇಡು. ಉಬ್ಬಸ, ಹೃದ್ರೋಗವುಳ್ಳವರು ವೈದ್ಯರನ್ನು ಕೇಳದೆ ಹೊರಡಬಾರದು; ಗರ್ಭಿಣಿಯರು ಇಳಿಯಲೇಬಾರದು.

ಹೊಸಬರು ಶಿಕ್ಷಕರ ಕೈಯಳತೆಯಲ್ಲಿಯೇ ಇದ್ದು 12 ಮೀಟರಿಗಿಂತ ಕೆಳಗಿಳಿಯದಿರುವುದು ನಿಯಮ. ಕಲಿತವರೂ ಜೊತೆಗಾರನನ್ನು ಬಿಟ್ಟಗಲಬಾರದು. ತುಂಬಿದ ಸಿಲಿಂಡರಿನ ಮಾಪಕವು ಸುಮಾರು 200 ಬಾರ್ ತೋರಿಸುವುದು. 50 ಉಳಿದಿರುವಾಗಲೇ ದೋಣಿಯ ಬಳಿ ಮೇಲೆ ಬಂದಿರುವಂತೆ ಲೆಕ್ಕ ಹಾಕಬೇಕು. ಅವಸರದಿಂದ ಕೈಕಾಲು ಬಡಿಯುವವನಿಗೆ ಗಾಳಿ ಬೇಗ ಮುಗಿಯುವುದು. ಸಾವಧಾನದಿಂದ ತೇಲುವವನಿಗೆ ಮೀನುಗಳೂ ಹೆಚ್ಚು ಕಾಣುವುವು. ಹವಳವನ್ನು ಮುಟ್ಟದೆ ನೋಡಿ ಬರುವುದೇ ಸಭ್ಯತೆ.

ನಮ್ಮ ಕಡೆಯವರು ವಿಶೇಷವಾಗಿ ನೆನಪಿಡಬೇಕಾದ ಮಾತೊಂದುಂಟು. ಆಳದಲ್ಲಿ ಉಸಿರಾಡಿದಾಗ ಸಾರಜನಕವು ದೇಹದಲ್ಲಿ ಕರಗಿ, ಬಳಿಕ ನಿಧಾನವಾಗಿ ಹೊರಬರುವುದು. ಒತ್ತಡ ತಟ್ಟನೆ ಕುಗ್ಗಿದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಹುದು. ಆದುದರಿಂದ ಒಮ್ಮೆ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆಯಾದರೂ ವಿಮಾನವೇರಬಾರದೆಂಬ ನಿಯಮವಿದೆ. ಘಟ್ಟವೇರಿದಂತೆಯೂ ವಾಯುಭಾರ ಕುಗ್ಗುವುದಷ್ಟೆ. ಅಂದೇ ಊರಿಗೆ ಹೊರಡುವ ಆತುರ ಬಿಟ್ಟು, ಆ ರಾತ್ರಿಯನ್ನು ಕರಾವಳಿಯಲ್ಲಿಯೇ ಕಳೆಯುವುದು ಲೇಸು. ಒಂದು ರಾತ್ರಿಯ ಬಾಡಿಗೆ ಹೆಚ್ಚಾದೀತು. ಜೀವಕ್ಕಿಂತ ಅದು ಹೆಚ್ಚಿನದಲ್ಲ.

ಕೊನೆಗೆ, ದೋಣಿಯಲ್ಲಿ ಕುಳಿತ ಮೇಲೂ ಮನಸ್ಸು ಅಳುಕಿದರೆ “ಇಂದು ಬೇಡ” ಎನ್ನಲು ನಾಚಬಾರದು. ಜೊತೆಯವರು ಅದಕ್ಕೆ ನಗಬಾರದು. ಇಷ್ಟನ್ನು ಮನೆಯಲ್ಲಿಯೇ ಮಾತಾಡಿಕೊಂಡು ಹೊರಟವರಿಗೆ ನೇತ್ರಾಣಿಯ ಬೆಚ್ಚನೆಯ ನೀರು ಸಂತೋಷವನ್ನೇ ಕೊಡಲಿ.