ಅಜ್ಜಿ ಬಿಂದಿಗೆಗೆ ತಕ್ಕಡಿಯೇ ಗತಿಯೇ?

ಮನೆಗೆ ಸುಣ್ಣ ಬಣ್ಣ ಶುರುವಾಯಿತೆಂದರೆ ಮೊದಲು ಬಲಿಯಾಗುವುದು ಅಟ್ಟದ ಸಾಮಾನು. ಅಜ್ಜಿಯ ಹಿತ್ತಾಳೆ ಬಿಂದಿಗೆ, ತಾಮ್ರದ ಹಂಡೆ, ಉಪ್ಪಿನಕಾಯಿ ಜಾಡಿ ಎಲ್ಲವೂ ಗೋಣಿಚೀಲ ಸೇರಿ ಗುಜರಿ ಅಂಗಡಿಗೆ ಸವಾರಿ. ಕಿಲೋ ಲೆಕ್ಕದಲ್ಲಿ ಕಾಸು ಎಣಿಸಿಕೊಂಡು, ಅದರಲ್ಲೇ ಸ್ಟೀಲ್ ಡಬ್ಬ ತಂದು ‘ಲಾಭ ಆಯ್ತು’ ಅಂತೀವಿ. ಲಾಭ ಯಾರಿಗೆ ಸ್ವಾಮಿ?

ಅದೇ ಬಿಂದಿಗೆ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಹೊಳೆಯುತ್ತಾ ನಿಂತರೆ ತೂಕದ ಮಾತೇ ಇಲ್ಲ. ಅಲ್ಲಿ ಬೆಲೆ ವಯಸ್ಸಿಗೆ, ಅಂದಕ್ಕೆ. ಈಗ ಪಟ್ಟಣದವರಿಗೆ ಒಂದು ಹೊಸ ಶೋಕಿ. ಒಂದೊಂದು ಬಣ್ಣ ಹಿಡಿದು ಹಳೇ ಸಾಮಾನು ಕೂಡಿಸೋದು. ಒಂದು ಗೂಡಿನಲ್ಲಿ ಹಿತ್ತಾಳೆಯ ಹಳದಿ, ಇನ್ನೊಂದರಲ್ಲಿ ತಾಮ್ರದ ಕೆಂಪು, ಮತ್ತೊಂದರಲ್ಲಿ ಪಿಂಗಾಣಿಯ ಬಿಳಿ. ಗೋಲಿ ಸೋಡಾ ಬಾಟಲಿಯ ಹಸಿರಿಗೆ ಕಿಟಕಿಯೇ ಜಾಗ. ನಗಬೇಡಿ. ದಸರಾ ಬಂದರೆ ಮೆಟ್ಟಿಲು ಕಟ್ಟಿ ಪಟ್ಟದ ಗೊಂಬೆ ಕೂರಿಸೋ ನಾಡು ನಮ್ಮದು. ಜೋಡಿಸೋ ಕಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮುದ್ದೇನಹಳ್ಳಿಗೆ ಬಸ್ಸು ಹತ್ತಿ ಹೋಗಿ ನೋಡಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರಿನ ವಸ್ತುಸಂಗ್ರಹಾಲಯದಲ್ಲಿ ಅವರ ಬಿರುದು ಬಾವಲಿಗಳ ಜೊತೆಗೆ ಕನ್ನಡಕ, ಬಟ್ಟಲುಗಳೂ ಇವೆ. ತಕ್ಕಡಿಗೆ ಹಾಕಿದರೆ ಕನ್ನಡಕಕ್ಕೆ ಎಷ್ಟು ಸಿಕ್ಕೀತು? 1962ರಲ್ಲಿ ಕಣ್ಮುಚ್ಚಿದವರ ಕನ್ನಡಕವನ್ನು ಜನ ಇವತ್ತಿಗೂ ನಿಂತು ನೋಡ್ತಾರೆ. ಯಾಕೆ? ಅದು ಯಾರದು ಅಂತ ಗೊತ್ತಿದೆ, ಅದಕ್ಕೆ.

ನಮ್ಮ ಪಾತ್ರೆಗೂ ಅದೇ ನ್ಯಾಯ. ಹಳೇ ಚೊಂಬಿನ ಕಂಠದ ಬಳಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಹುಡುಕಿ. ಕನ್ನಡದಲ್ಲೋ, ತೆಲುಗಿನಲ್ಲೋ ಇದ್ದೀತು. ಕುಲುಮೆಗೆ ಬಿದ್ದ ಹೆಸರು ಮತ್ತೆ ಬರೋದಿಲ್ಲ.

ಕೊಳ್ಳೋರಿಗೂ ಎರಡು ಮಾತು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಕಂಚು ಎಂದರೆ ತಾಮ್ರ ಮತ್ತು ತವರ. ಯಾವುದಕ್ಕೂ ಅಯಸ್ಕಾಂತ ಅಂಟೋದಿಲ್ಲ. ಅಂಟಿತೋ, ಒಳಗೆ ಕಬ್ಬಿಣ, ಮೇಲೆ ಬರೀ ಹಳದಿ ಲೇಪ! ಹುಣಸೆಹಣ್ಣು ಸವರಿ ತೊಳೆಯಿರಿ. ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಹೆಸರೇ ಸವೆದುಹೋಗುತ್ತೆ. ಹಳೇ ವಿಗ್ರಹ ಮಾತ್ರ ಹುಷಾರು. ನೂರು ವರ್ಷ ದಾಟಿದ ಶಿಲ್ಪಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ.

ಗುಜರಿ ಅಂಗಡಿ ಸಾಹುಕಾರರೇ, ಹೆಸರಿರುವ ಪಾತ್ರೆ ಬಂದರೆ ಕರಗಿಸೋಕೆ ಕಳಿಸುವ ಮುಂಚೆ ಒಂದು ವಾರ ಅಂಗಡಿ ಮುಂದೆ ಬಣ್ಣವಾರು ಜೋಡಿಸಿಡಿ. ಬಸ್ಸಿಗೆ ಕಾಯೋರ ಕಣ್ಣಿಗೆ ಬಿದ್ದು ನಾಲ್ಕು ಕಾಸು ಹೆಚ್ಚೇ ಸಿಕ್ಕೀತು. ಮನೆಯವರೇ, ಎಲ್ಲವನ್ನೂ ಇಟ್ಟುಕೊಳ್ಳಿ ಅಂತ ಯಾರೂ ಹೇಳ್ತಿಲ್ಲ. ಈಗಿನ ಮನೆಗಳಲ್ಲಿ ಜಾಗ ಎಲ್ಲಿದೆ? ಒಂದು ಗೂಡು, ಒಂದು ಬಣ್ಣ, ಐದಾರು ಪಾತ್ರೆ ಸಾಕು. ಪ್ರತಿಯೊಂದರ ಕೆಳಗೆ ಯಾರದು, ಯಾವ ಊರಿಂದ ಬಂತು ಅಂತ ಒಂದು ಚೀಟಿ ಅಂಟಿಸಿ. ಉಳಿದದ್ದು ಬೇಕಾದರೆ ತಕ್ಕಡಿಗೆ ಹೋಗಲಿ.