ಆಷಾಢದ ಗಾಳಿ, ಫಾಲ್ಗುಣದ ಪಂಪು

ಡೀಸೆಲ್ಲಿನ ಬೆಲೆ ಏರಿದಾಗಲೆಲ್ಲ ನಮ್ಮ ಸದಸ್ಯ ಬಾಂಧವರಲ್ಲಿ ಒಂದು ಪ್ರಶ್ನೆ ಏಳುವುದು ವಾಡಿಕೆಯಾಗಿದೆ. ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗಿನ ಬಯಲಿನಲ್ಲಿ ಅಷ್ಟೊಂದು ಗಾಳಿಯಂತ್ರಗಳು ತಿರುಗುತ್ತಿವೆ; ಆಷಾಢದಲ್ಲಿ ಹೆಂಚು ಹಾರಿಸುವಷ್ಟು ಗಾಳಿ ನಮ್ಮಲ್ಲೂ ಇದೆ; ಹೀಗಿರುವಾಗ ನಾವೇಕೆ ಇನ್ನೂ ಎಂಜಿನ್ನಿಗೆ ಡೀಸೆಲ್ ಸುರಿಯುತ್ತ ಕೂರಬೇಕು ಎಂಬುದೇ ಆ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಅದರೊಳಗೆ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ತೋಟದಲ್ಲಿ ನಾವೇ ಗಾಳಿಯಂತ್ರ ನಿಲ್ಲಿಸಿದರೆ ಲಾಭವೇ ಎಂಬುದು ಒಂದು. ನಾಡಿನ ವಿದ್ಯುತ್ತಿನಲ್ಲಿ ಕಲ್ಲಿದ್ದಲು ಮತ್ತು ಎಣ್ಣೆಯ ಜಾಗಕ್ಕೆ ಗಾಳಿಯನ್ನು ತಂದರೆ ಕಟ್ಟುವುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಲ್ಲ ಎಂದೂ, ಎರಡನೆಯದಕ್ಕೆ ಬಹುಮಟ್ಟಿಗೆ ಹೌದು ಎಂದೂ ನಮ್ಮ ಅಭಿಪ್ರಾಯ.

ತೋಟದ ಲೆಕ್ಕವನ್ನೇ ಮೊದಲು ಹಿಡಿಯೋಣ. ರೊಬಸ್ಟಾ ತೋಟಕ್ಕೆ ಹೂಮಳೆಯ ಬದಲು ಒಂದು ಅಂಗುಲ ನೀರು ಕೊಡಬೇಕೆಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು ಬೇಕು. ಕೆರೆಯಿಂದ ಗುಡ್ಡಕ್ಕೆ ಏರಿಸಿ, ಸ್ಪ್ರಿಂಕ್ಲರಿನ ಒತ್ತಡವೂ ಸೇರಿ ಒಟ್ಟು ಮುನ್ನೂರು ಅಡಿ ಎತ್ತಿದಂತೆ ಎಂದು ಹಿಡಿಯಿರಿ. ವಿದ್ಯುತ್ ಮೋಟಾರಿನಿಂದಾದರೆ ಎಕರೆಗೆ ಸುಮಾರು 50 ಯೂನಿಟ್ಟು ತಗಲುತ್ತದೆ. ಡೀಸೆಲ್ ಎಂಜಿನ್ನಿನಿಂದಾದರೆ ಸುಮಾರು 14 ಲೀಟರ್. ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ಸಾವಿರದ ಇನ್ನೂರು ರೂಪಾಯಿ ದಾಟಿತು. ವಿದ್ಯುತ್ತಿಗೆ ತಂತಿಯ ಬಾಡಿಗೆ, ಸೋರಿಕೆ ಎಲ್ಲ ಸೇರಿ ಯೂನಿಟ್ಟಿಗೆ ಎಂಟು ರೂಪಾಯಿ ಬಿದ್ದೀತೆಂದು ಧಾರಾಳವಾಗಿ ಹಿಡಿದರೂ ನಾನೂರು ರೂಪಾಯಿ. ಎಣ್ಣೆಯನ್ನು ಬಿಡಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಆದರೆ ಆ 50 ಯೂನಿಟ್ಟನ್ನು ನಮ್ಮ ಅಂಗಳದ ಗಾಳಿ ಕೊಟ್ಟೀತೆ? ಗಾಳಿಯ ಸ್ವಭಾವ ಒಂದಿದೆ. ವೇಗ ಎರಡರಷ್ಟಾದರೆ ಅದರ ಶಕ್ತಿ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಅದರಲ್ಲೂ ಯಾವ ಚಕ್ರವೂ ಗಾಳಿಯ ಶಕ್ತಿಯಲ್ಲಿ ನೂರಕ್ಕೆ 59ಕ್ಕಿಂತ ಹೆಚ್ಚು ಹೀರಲಾರದು. ಇದು ಪ್ರಕೃತಿಯ ಮಿತಿ, ಜರ್ಮನಿಯ ಆಲ್ಬರ್ಟ್ ಬೆಟ್ಜ್ ಇದನ್ನು ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಸಣ್ಣ ಯಂತ್ರಗಳು ಅದರ ಅರ್ಧವನ್ನು ಮುಟ್ಟಿದರೆ ದೊಡ್ಡದು. ಮೂರು ಮೀಟರ್ ಅಗಲದ ಚಕ್ರವೊಂದು, ಸೆಕೆಂಡಿಗೆ ಮೂರು ಮೀಟರ್ ವೇಗದ ಗಾಳಿಗೆ ಹಗಲೂ ರಾತ್ರಿ ಬಿಡದೆ ತಿರುಗಿದರೂ ದಿನಕ್ಕೆ ಒಂದು ಯೂನಿಟ್ಟು ತುಂಬುವುದಿಲ್ಲ. ಹತ್ತು ಎಕರೆಗೆ ಹೂಮಳೆ ಕೊಡಲು ಒಂದೂವರೆ ವರ್ಷ ಸಾಲದು; ಮೊಗ್ಗು ಅಷ್ಟು ದಿನ ಕಾಯುವುದಿಲ್ಲವೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಕಾಲದ ಹೊಂದಾಣಿಕೆ. ನಮ್ಮ ರಾಜ್ಯದಲ್ಲಿ ಗಾಳಿಯ ಸುಗ್ಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆರಿದ್ರಾ ಪುನರ್ವಸು ಮಳೆಗಳಲ್ಲಿ ನಮಗೆ ನೀರು ಹೊರಹಾಕುವ ಚಿಂತೆಯೇ ಹೊರತು ನೀರೆತ್ತುವ ಚಿಂತೆಯಿಲ್ಲ. ಕಾಫಿಗೆ ಹೂನೀರು ಬೇಕಾಗುವುದು ಫೆಬ್ರವರಿ ಮಾರ್ಚಿಯಲ್ಲಿ. ಅಡಿಕೆಗೆ ನೀರು ಬೇಕಾಗುವುದು ಮಾರ್ಗಶಿರದಿಂದ ಮುಂಗಾರು ಹಿಡಿಯುವ ತನಕ. ಆಗ ಗಾಳಿ ಮಂದ. ಜೊತೆಗೆ ನಮ್ಮ ತೋಟಗಳಿರುವುದು ಕಣಿವೆಗಳಲ್ಲಿ, ನೆರಳು ಮರಗಳ ಕೆಳಗೆ. ಗಾಳಿ ತಾಗದ ಜಾಗವನ್ನೇ ಹುಡುಕಿ ಹಿರಿಯರು ಅಡಿಕೆ ಹಾಕಿದರು. ಅಲ್ಲಿ ಹೋಗಿ ಗಾಳಿಯಂತ್ರ ನಿಲ್ಲಿಸುವುದೆಂದರೆ ಗದ್ದೆಯಲ್ಲಿ ಉಪ್ಪು ಹುಡುಕಿದಂತೆ. 1960ರ ದಶಕದಲ್ಲಿಯೇ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ನೀರೆತ್ತುವ ಗಾಳಿಯಂತ್ರವೊಂದನ್ನು ರೂಪಿಸಿದ್ದರು. ಒಳ್ಳೆಯ ಪ್ರಯತ್ನವೇ. ಆದರೂ ಹಳ್ಳಿ ಹಳ್ಳಿಗೆ ಹಬ್ಬಿದ್ದು ವಿದ್ಯುತ್ ಪಂಪ್‌ಸೆಟ್ಟು, ಗಾಳಿಯಂತ್ರವಲ್ಲ. ತೋಟದ ಮಟ್ಟದಲ್ಲಿ ಹಣ ಹೂಡುವ ಮನಸ್ಸಿರುವವರು ಬಿಸಿಲಿನ ಪಂಪನ್ನು ನೋಡಲಿ. ಫೆಬ್ರವರಿಯ ಬಿಸಿಲಿಗೆ ಕೊರತೆಯಿಲ್ಲ. ಮನೆ ಬಾಗಿಲಿಗೆ ಬಂದು ಪುಟ್ಟ ಗಾಳಿಯಂತ್ರ ಮಾರುವವರಿದ್ದರೆ, ಮಾರ್ಚ್ ತಿಂಗಳಲ್ಲಿ ಅದು ಎಷ್ಟು ಯೂನಿಟ್ಟು ಕೊಡುತ್ತದೆಂದು ಬರವಣಿಗೆಯಲ್ಲಿ ಕೇಳಿ.

ಇನ್ನು ನಾಡಿನ ಲೆಕ್ಕ. 1986ರಲ್ಲಿ ಗುಜರಾತ್, ತಮಿಳುನಾಡು ಮೊದಲಾದ ಕರಾವಳಿಗಳಲ್ಲಿ ದೇಶದ ಪ್ರಥಮ ಗಾಳಿ ವಿದ್ಯುತ್ ಕೇಂದ್ರಗಳು ಎದ್ದಾಗ ಒಂದು ಯಂತ್ರದ ಶಕ್ತಿ 55 ಕಿಲೋವಾಟ್. ಇಂದು ನಿಲ್ಲಿಸುವ ಒಂದೊಂದು ಯಂತ್ರವೂ ಎರಡು ಮೂರು ಸಾವಿರ ಕಿಲೋವಾಟಿನದು. ಕಂಬ ನಾನೂರು ಅಡಿಗೂ ಎತ್ತರ. ಎತ್ತರಕ್ಕೆ ಹೋದಷ್ಟೂ ಗಾಳಿ ಬಲವಾಗುವುದರಿಂದ ಯೂನಿಟ್ಟಿನ ಅಸಲು ಇಳಿಯಿತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಮೊದಲ ಹರಾಜಿನಲ್ಲಿ ಯೂನಿಟ್ಟಿಗೆ 3 ರೂಪಾಯಿ 46 ಪೈಸೆಗೆ ಒಪ್ಪಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಗುಜರಾತಿನ ಹರಾಜು 2 ರೂಪಾಯಿ 43 ಪೈಸೆಗೆ ಕುಸಿಯಿತು. ಅಷ್ಟು ಅಗ್ಗ ಬಾಳಲಿಲ್ಲ. ಆಮೇಲಿನ ವರ್ಷಗಳಲ್ಲಿ ದರ ಮತ್ತೆ ಮೂರು ರೂಪಾಯಿಯ ಮೇಲೆ ಬಂದು ನಿಂತಿದೆ. ಆದರೂ ಇತ್ತೀಚೆಗೆ ಹೊಸ ಕಲ್ಲಿದ್ದಲು ಸ್ಥಾವರಗಳಿಗೆ ರಾಜ್ಯಗಳು ಮಾಡಿಕೊಳ್ಳುತ್ತಿರುವ ಕರಾರುಗಳು ಯೂನಿಟ್ಟಿಗೆ ಐದು ರೂಪಾಯಿಗಿಂತ ಮೇಲಿವೆ. 2025ರ ಮಾರ್ಚಿ ವೇಳೆಗೆ ದೇಶದ ಗಾಳಿ ವಿದ್ಯುತ್ ಸಾಮರ್ಥ್ಯ 50,000 ಮೆಗಾವಾಟ್ ಮುಟ್ಟಿದ್ದು ಯಾರ ಔದಾರ್ಯದಿಂದಲೂ ಅಲ್ಲ, ಲೆಕ್ಕ ಕೂಡಿಬಂದುದರಿಂದ.

ಸಾಮರ್ಥ್ಯ ಎಂಬ ಮಾತಿನಲ್ಲಿ ಮೋಸಹೋಗಬಾರದು. ಗಾಳಿಯ ನೂರು ಮೆಗಾವಾಟ್ ಎಂದರೆ ವರ್ಷದ ಸರಾಸರಿಗೆ ಇಪ್ಪತ್ತೈದು ಮೂವತ್ತು ಮೆಗಾವಾಟ್ ಅಷ್ಟೆ. ಗಾಳಿ ನಿಂತ ದಿನ ಬೇರೆ ಯಾರೋ ದೀಪ ಉರಿಸಬೇಕು. ಆ "ಬೇರೆ ಯಾರೋ" ಎಂಬುವರ ಖರ್ಚನ್ನೂ ಕೂಡಿಸದೆ ಗಾಳಿ ಅಗ್ಗವೆನ್ನುವುದು, ಕೊಯ್ಲಿನ ಕೂಲಿ ಬಿಟ್ಟು ಕಾಫಿಯ ಲಾಭ ಹೇಳಿದಂತೆ. 2023ರಲ್ಲಿ ಇದು ಎಲ್ಲರ ಅನುಭವಕ್ಕೆ ಬಂತು. ಮುಂಗಾರು ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ, ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಅಕ್ಟೋಬರ್ ಬರುವಾಗ ಗಾಳಿಯ ಸುಗ್ಗಿಯೂ ಮುಗಿದಿತ್ತು. ಪಂಪ್‌ಸೆಟ್ಟುಗಳಿಗೆ ಏಳು ಗಂಟೆಯ ಬದಲು ಐದು ಗಂಟೆ ಎಂದಾಯಿತು, ಉತ್ತರ ಪ್ರದೇಶ ಪಂಜಾಬುಗಳಿಂದ ವಿದ್ಯುತ್ ತರಿಸಬೇಕಾಯಿತು.

ಇದಕ್ಕೆ ಪರಿಹಾರ ನಮ್ಮ ಮಲೆನಾಡಿನಲ್ಲಿಯೇ ಅರ್ಧ ಇದೆ ಎಂಬುದನ್ನು ಮರೆಯಬಾರದು. ಡೆನ್ಮಾರ್ಕ್ ದೇಶ ಇಂದು ತನ್ನ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚನ್ನು ಗಾಳಿಯಿಂದ ಪಡೆಯುತ್ತಿದೆ. ಅಲ್ಲಿ ಗಾಳಿ ಹೆಚ್ಚಾದಾಗ ಸಮುದ್ರದಡಿಯ ತಂತಿಯಲ್ಲಿ ನಾರ್ವೆಗೆ ಕಳಿಸುತ್ತಾರೆ. ನಾರ್ವೆಯವರು ಅಷ್ಟು ನೀರನ್ನು ಅಣೆಕಟ್ಟಿನಲ್ಲಿ ಉಳಿಸಿ, ಗಾಳಿಯಿಲ್ಲದಾಗ ಹಿಂದಿರುಗಿಸುತ್ತಾರೆ. ನಮಗೆ ಪರದೇಶ ಬೇಡ. ಲಿಂಗನಮಕ್ಕಿ, ಸೂಪಾ, ಮಾಣಿ ಜಲಾಶಯಗಳು ನಮ್ಮಲ್ಲೇ ಇವೆ. ಲಿಂಗನಮಕ್ಕಿ 1819 ಅಡಿ ಮುಟ್ಟುವುದು ಪ್ರತಿ ವರ್ಷದ ಮಾತಲ್ಲವೆಂದು ಸಾಗರದ ಸದಸ್ಯರಿಗೆ ತಿಳಿದಿದೆ. ಗಾಳಿ ಜೋರಾಗಿರುವ ಮಳೆಗಾಲದಲ್ಲಿ ಶರಾವತಿಯ ಯಂತ್ರಗಳನ್ನು ಆದಷ್ಟು ನಿಲ್ಲಿಸಿ, ಆ ನೀರನ್ನು ಮಾರ್ಚಿಗೆ ಉಳಿಸಿದರೆ, ಚಿತ್ರದುರ್ಗದ ಆಷಾಢದ ಗಾಳಿಯೇ ಫಾಲ್ಗುಣದಲ್ಲಿ ನಮ್ಮ ಪಂಪನ್ನು ತಿರುಗಿಸಿದಂತೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಶಿಸ್ತು ಬೇಕು. ಮುಳುಗಡೆಯಲ್ಲಿ ಊರು ಕಳೆದುಕೊಂಡವರ ನೀರು ಅದು. ಅದನ್ನು ಜುಲೈಯಲ್ಲಿ ಅವಸರಕ್ಕೆ ಖರ್ಚುಮಾಡಿ ಬೇಸಿಗೆಯಲ್ಲಿ ಕಲ್ಲಿದ್ದಲು ಸುಡುವುದು ಲೆಕ್ಕವೂ ಅಲ್ಲ, ನ್ಯಾಯವೂ ಅಲ್ಲ.

ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪು ಮಾಡುವ ಯೋಜನೆಯ ವಿಷಯ ಬೇರೆ. ಹೆಚ್ಚಾದ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಡುವುದು ಅದರ ತತ್ವ. ಎತ್ತಿದ ಪ್ರತಿ ನೂರು ಯೂನಿಟ್ಟಿಗೆ ಇಪ್ಪತ್ತರ ಮೇಲೆ ನಷ್ಟವಾಗುತ್ತದೆ. ಅದು ದಿನದ ಹೆಚ್ಚುಕಡಿಮೆಯನ್ನು ಸರಿತೂಗಿಸುತ್ತದೆಯೇ ಹೊರತು ಆಷಾಢದ್ದನ್ನು ಫಾಲ್ಗುಣಕ್ಕೆ ಒಯ್ಯಲಾರದು. ಸಿಂಗಳೀಕಗಳ ಅಭಯಾರಣ್ಯದೊಳಗೆ ಸುರಂಗ ಕೊರೆಯುವ ಮುನ್ನ, ಇರುವ ನೀರನ್ನು ಋತುವಿಗೆ ತಕ್ಕಂತೆ ಬಳಸಿ ತೋರಿಸಲಿ ಎಂಬುದು ನಮ್ಮ ಮಾತು.

ಸಂಘಗಳಿಗೆ ನೇರವಾಗಿ ಸಂಬಂಧಿಸಿದ ಅಂಶವೊಂದು ಉಳಿದಿದೆ. 2005ರ ವಿದ್ಯುಚ್ಛಕ್ತಿ ನಿಯಮಗಳ ಪ್ರಕಾರ ಸ್ವಂತ ಬಳಕೆಯ ವಿದ್ಯುತ್ ಕೇಂದ್ರದಲ್ಲಿ ಬಳಕೆದಾರರಿಗೆ ನೂರಕ್ಕೆ 26ರಷ್ಟಾದರೂ ಒಡೆತನವಿರಬೇಕು, ವರ್ಷದ ಉತ್ಪಾದನೆಯಲ್ಲಿ 51 ಭಾಗವನ್ನಾದರೂ ಅವರೇ ಬಳಸಬೇಕು. ನೋಂದಾಯಿತ ಸಹಕಾರ ಸಂಘವಾದರೆ ಸದಸ್ಯರೆಲ್ಲ ಒಟ್ಟಾಗಿ ಈ ಷರತ್ತು ಪೂರೈಸಿದರೆ ಸಾಕು. 2022ರ ಹಸಿರು ವಿದ್ಯುತ್ ನಿಯಮಗಳು ಇಂತಹ ಖರೀದಿಯ ಕನಿಷ್ಠ ಮಿತಿಯನ್ನು 1,000 ಕಿಲೋವಾಟಿನಿಂದ 100 ಕಿಲೋವಾಟಿಗೆ ಇಳಿಸಿವೆ. ಕಾಫಿ ಸಂಸ್ಕರಣ ಘಟಕ, ಗೋದಾಮು, ಅಡಿಕೆ ಸುಲಿಯುವ ಯಂತ್ರಗಳನ್ನು ಒಟ್ಟುಗೂಡಿಸಿದರೆ ನಾಲ್ಕಾರು ಸಂಘಗಳು ಸೇರಿ ಬಯಲುಸೀಮೆಯ ಒಂದು ಗಾಳಿಯಂತ್ರದಲ್ಲಿ ಪಾಲು ಹಿಡಿಯುವುದು ಕಾಗದದ ಮೇಲೆ ಸಾಧ್ಯ. ತೊಡಕಿರುವುದು ಜಮಾ ಲೆಕ್ಕದಲ್ಲಿ. ಹಿಂದೆ ನಮ್ಮ ರಾಜ್ಯದಲ್ಲಿ ಗಾಳಿಯ ಯೂನಿಟ್ಟನ್ನು ಜಾಲಕ್ಕೆ ಬಿಟ್ಟು ವರ್ಷದೊಳಗೆ ಹಿಂಪಡೆಯುವ ಸೌಲಭ್ಯವಿತ್ತು. 2022ರ ನಿಯಮಗಳು ಕನಿಷ್ಠ ಒಂದು ತಿಂಗಳ ಲೆಕ್ಕವನ್ನಷ್ಟೇ ಖಾತ್ರಿಪಡಿಸುತ್ತವೆ. ತಿಂಗಳ ಲೆಕ್ಕ ಕಾರ್ಖಾನೆಗೆ ಸರಿಹೋದೀತು. ನಮ್ಮ ಕೆಲಸವೆಲ್ಲ ನವೆಂಬರಿನಿಂದ ಮಾರ್ಚಿಯೊಳಗೆ. ಜುಲೈಯ ಯೂನಿಟ್ಟು ಜುಲೈಯಲ್ಲೇ ಕರಗಿಹೋದರೆ ಪಾಲು ಹಿಡಿದವನಿಗೆ ಉಳಿಯುವುದೇನು?

ಗಾಳಿಯಿಂದ ಅಡಿಕೆ ಬೇಯುವುದಿಲ್ಲ. ಹಂಡೆಯ ಕೆಳಗಿನ ಸೌದೆಗೆ, ಗೊಬ್ಬರ ತರುವ ಲಾರಿಯ ಡೀಸೆಲ್ಲಿಗೆ ಬೇರೆಯೇ ದಾರಿ ಹುಡುಕಬೇಕು. ಆ ಚರ್ಚೆ ಇಲ್ಲಿ ಬೇಡ. ವಿದ್ಯುತ್ತಿನ ಮಟ್ಟಿಗೆ ನಾವು ಕೇಳಬೇಕಾದದ್ದು ಸಹಾಯಧನವನ್ನಲ್ಲ; ಬೆಳೆಗಾರರ ಸಹಕಾರ ಸಂಘಗಳಿಗೆ ವರ್ಷದ ಜಮಾ ಲೆಕ್ಕವನ್ನು. ಇದರಿಂದ ವಿದ್ಯುತ್ ಕಂಪೆನಿಗೆ ಬೀಳುವ ಹೊರೆಗೆ ತಕ್ಕ ಶುಲ್ಕ ಕೊಡಲೂ ನಾವು ಸಿದ್ಧರಿರಬೇಕು. ಮಾರ್ಚಿಯ ಯೂನಿಟ್ಟು ಜುಲೈಯದಕ್ಕಿಂತ ದುಬಾರಿ ಎಂಬುದು ಸುಳ್ಳಲ್ಲ. ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಲಿಖಿತ ಆಕ್ಷೇಪಣೆಗಳನ್ನೂ ಸ್ವೀಕರಿಸುತ್ತದೆ. ಮುಂದಿನ ವಿಚಾರಣೆಗೆ ಪ್ರತಿ ಸಂಘವೂ ತನ್ನ ಘಟಕಗಳ ತಿಂಗಳುವಾರು ವಿದ್ಯುತ್ ಬಿಲ್ಲು ಮತ್ತು ಸದಸ್ಯರ ಡೀಸೆಲ್ ಖರ್ಚಿನ ಪಟ್ಟಿಯನ್ನು ತಯಾರಿಟ್ಟುಕೊಂಡು ಹೋಗಲಿ.