ಉಸಿರಾಟ ಕಲಿಸಲು ಬಂದವರಿಗೆ

ನಮ್ಮ ವಿಶ್ವವಿದ್ಯಾನಿಲಯಗಳಿಗೆ ಈಚೆಗೆ ನಮ್ಮ ಮನಸ್ಸಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿದೆ. ನೋಟೀಸು ಬೋರ್ಡಿನ ತುಂಬ ಬಣ್ಣದ ಪೋಸ್ಟರುಗಳು. ವೆಲ್‌ನೆಸ್ ವರ್ಕ್‌ಶಾಪಂತೆ, ಒತ್ತಡ ನಿರ್ವಹಣೆಯ ಶಿಬಿರವಂತೆ, ವಾರಕ್ಕೊಂದು ಸಪೋರ್ಟ್ ಗ್ರೂಪಂತೆ. ಬನ್ನಿ, ದುಂಡಗೆ ಕೂತುಕೊಳ್ಳಿ, ಕಣ್ಣು ಮುಚ್ಚಿ, ಉಸಿರು ಎಳೆದುಕೊಳ್ಳಿ, ನಾಲ್ಕರವರೆಗೆ ಎಣಿಸಿ, ಮೆಲ್ಲಗೆ ಬಿಡಿ. ಕೊನೆಗೆ ಒಂದು ಬಿಳಿ ಹಾಳೆ ಕೊಟ್ಟು, ಇವತ್ತು ನೀವು ಯಾರಿಗೆಲ್ಲ ಕೃತಜ್ಞರಾಗಿದ್ದೀರಿ ಬರೆಯಿರಿ ಅಂತಾರೆ.

ಸ್ವಾಮಿ, ಕಣ್ಣು ಮುಚ್ಚೋದು ನಮಗೆ ಹೊಸ ವಿದ್ಯೆ ಅಲ್ಲ. ಊರ ಬಾವಿಯ ಮುಂದೆ, ಗುಡಿಯ ಬಾಗಿಲ ಮುಂದೆ, ಹೋಟೆಲಿನ ಸೂರಿಗೆ ಸಿಕ್ಕಿಸಿದ ಬೇರೆ ಲೋಟದ ಮುಂದೆ ನಮ್ಮ ತಾತ ಮುತ್ತಾತಂದಿರು ಕಣ್ಣು ಮುಚ್ಚಿಕೊಂಡೇ ಬದುಕಿದರು. ಕೃತಜ್ಞತೆಯೂ ಹೊಸದಲ್ಲ. ದೊಡ್ಡಮನೆಯ ಹಿತ್ತಲಲ್ಲಿ ತಂಗಳು ಹಿಟ್ಟಿಗೆ ಸೆರಗೊಡ್ಡಿ ನಿಂತ ನಮ್ಮ ಅವ್ವಂದಿರು ಆ ಪಾಠವನ್ನು ಬೇಕಾದಷ್ಟು ಕಲಿತಿದ್ದಾರೆ. ಮಕ್ಕಳಾದರೂ ಅದನ್ನು ಮರೆಯಲಿ ಅಂತಲೇ ಅಲ್ಲವೆ ಅವರು ಕೂಲಿ ಮಾಡಿ ನಮ್ಮನ್ನು ಸ್ಕೂಲಿಗೆ ಕಳಿಸಿದ್ದು?

ಒಂದು ಮಾತನ್ನು ಮೊದಲೇ ಖಚಿತವಾಗಿ ಹೇಳಿಬಿಡ್ತೀನಿ. ಇಲ್ಲದಿದ್ದರೆ ಅರ್ಧ ಓದಿದವರು ತಿರುಚುತ್ತಾರೆ. ಮನಸ್ಸಿಗೂ ರೋಗ ಬರುತ್ತೆ. ಜ್ವರ ಬಂದಷ್ಟೇ ನಿಜವಾಗಿ ಬರುತ್ತೆ. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಅಂತ ತಾಯತ ಕಟ್ಟಿಸಿ, ಬೇವಿನ ಸೊಪ್ಪಿನಲ್ಲಿ ಹೊಡೆಸಿ ಹಾಳಾದ ಜೀವಗಳು ನಮ್ಮ ಕೇರಿಗಳಲ್ಲಿ ಕಮ್ಮಿಯಿಲ್ಲ. ಅದಕ್ಕೆ ಡಾಕ್ಟರು ಬೇಕು, ಮಾತ್ರೆ ಬೇಕು, ಕೂತು ಕೇಳೋ ಮನುಷ್ಯರು ಬೇಕು. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ಹೋಗಿ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಮದ್ದು ಸಿಗುವ ಹಾಗೆ ಮಾಡಿ ತೋರಿಸಿತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೇ ಮಾತಾಡುತ್ತೆ, ಕಾಸು ಕೇಳಲ್ಲ. ಬದುಕೇ ಬೇಡ ಅನ್ನಿಸಿದ ರಾತ್ರಿ ಆ ನಂಬರಿಗೆ ಫೋನು ಮಾಡೋದರಲ್ಲಿ ನಾಚಿಕೆ ಇಲ್ಲ. ಪಕ್ಕದ ರೂಮಿನ ಬಾಗಿಲು ಬಡಿಯೋದರಲ್ಲೂ ನಾಚಿಕೆ ಇಲ್ಲ. ನನ್ನ ಜಗಳ ವೈದ್ಯದ ಮೇಲಲ್ಲ. ಅನ್ಯಾಯಕ್ಕೆ ರೋಗ ಅಂತ ಹೆಸರಿಟ್ಟು, ಅನ್ಯಾಯ ಮಾಡಿದವನನ್ನು ಬಿಟ್ಟು, ಅನುಭವಿಸಿದವನಿಗೆ ಚಿಕಿತ್ಸೆ ಕೊಡೋ ಹುನ್ನಾರದ ಮೇಲೆ.

ಇಂಥದ್ದೊಂದು ಶಿಬಿರದಲ್ಲಿ ನಾನೂ ಕೂತಿದ್ದೆ. ಅದು ಯಾವ ವಿಶ್ವವಿದ್ಯಾನಿಲಯ ಅನ್ನೋದು ಬೇಡ. ನನ್ನ ಪಕ್ಕ ಕೂತಿದ್ದ ಗೆಳೆಯನಿಗೆ ಎಂಟು ತಿಂಗಳಿಂದ ಸ್ಕಾಲರ್‌ಶಿಪ್ ಬಂದಿರಲಿಲ್ಲ. ಮೆಸ್ ಬಾಕಿ ಉಳಿಸಿಕೊಂಡವರ ಪಟ್ಟಿಯಲ್ಲಿ ಅವನ ಹೆಸರು ಬೋರ್ಡಿಗೆ ಬಿದ್ದಿತ್ತು. ನಿಮ್ಮ ಹಿಡಿತದಲ್ಲಿ ಇಲ್ಲದ್ದನ್ನು ಬಿಟ್ಟುಬಿಡಿ, ಹಿಡಿತದಲ್ಲಿ ಇರೋದರ ಬಗ್ಗೆ ಮಾತ್ರ ಯೋಚನೆ ಮಾಡಿ ಅಂದರು ಮೇಡಂ. ಹಾಗಾದರೆ ಊಟ ಬಿಡಬೇಕಾಗುತ್ತೆ ಮೇಡಂ ಅಂದ ಅವನು. ಎಲ್ಲರೂ ನಕ್ಕರು. ಮೇಡಮ್ಮೂ ನಕ್ಕರು, ಆಮೇಲೆ ಅವರ ಮುಖ ಸಣ್ಣದಾಯ್ತು. ಆಕೆ ಕೆಟ್ಟವರಲ್ಲ. ಆದರೆ ಸ್ಕಾಲರ್‌ಶಿಪ್ ಫೈಲಿಗೆ ಸಹಿ ಹಾಕೋ ಅಧಿಕಾರ ಆಕೆಗಿರಲಿಲ್ಲ. ಅಧಿಕಾರ ಇದ್ದವರು ಯಾರೂ ಆ ಚಾಪೆಯ ಮೇಲೆ ಕೂತಿರಲಿಲ್ಲ.

ಈ ಶಿಬಿರಗಳ ಒಳಗುಟ್ಟು ಇಷ್ಟೇ. ಬಂದು ಕೂತವರನ್ನು ಎಣಿಸಬೇಡಿ, ಬಾರದವರನ್ನು ಎಣಿಸಿ. ವೈವಾದಲ್ಲಿ ನೀನು ಯಾವ ಕೋಟಾ ಅಂತ ಕೇಳಿದ ಪರೀಕ್ಷಕರು ಬಂದಿಲ್ಲ. ಥೀಸಿಸ್ಸಿನ ಕರಡನ್ನು ವರ್ಷಗಟ್ಟಲೆ ಮೇಜಿನ ಮೇಲಿಟ್ಟುಕೊಂಡ ಗೈಡು ಬಂದಿಲ್ಲ. ರ‍್ಯಾಂಕ್ ಕೇಳೋ ನೆಪದಲ್ಲಿ ಜಾತಿ ಕೆದಕೋ ಸಹಪಾಠಿ ಬಂದಿಲ್ಲ. ಸಾಹೇಬರು ಬಂದಿದ್ದರು, ದೀಪ ಹಚ್ಚಿ ಭಾಷಣ ಮಾಡಿ ಹೋದರು. ಪೆಟ್ಟು ತಿಂದವರು ಮಾತ್ರ ಒಟ್ಟಿಗೆ ಕೂತು ಪೆಟ್ಟನ್ನು ಸಹಿಸೋದು ಹೇಗೆ ಅಂತ ಕಲೀಬೇಕು. ಹೊಡೆದವನಿಗೆ ಯಾವ ವರ್ಕ್‌ಶಾಪೂ ಇಲ್ಲ.

ಇದು ಬರೀ ಸಿಟ್ಟಿನ ಮಾತು ಅನ್ನೋರಿಗೆ ಲೆಕ್ಕ ಕೊಡ್ತೀನಿ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳ ಸ್ಥಿತಿ ನೋಡಲು 2006ರಲ್ಲಿ ಸುಖದೇವ್ ಥೋರಟ್ ಸಮಿತಿ ನೇಮಕವಾಯ್ತು. 2007ರಲ್ಲಿ ವರದಿ ಬಂತು. ಸಮಿತಿಯ ಮುಂದೆ ಮಾತಾಡಿದ ನಮ್ಮ ವಿದ್ಯಾರ್ಥಿಗಳಲ್ಲಿ ಶೇ. 69ರಷ್ಟು ಜನ ಅಧ್ಯಾಪಕರಿಂದ ಸಾಕಷ್ಟು ನೆರವು ಸಿಗ್ತಿಲ್ಲ ಅಂದರು. ಶೇ. 84ರಷ್ಟು ಜನ ಪ್ರಾಕ್ಟಿಕಲ್ಲು, ವೈವಾಗಳಲ್ಲಿ ಅನ್ಯಾಯವಾಗ್ತಿದೆ ಅಂದರು. ಹಾಸ್ಟೆಲಿನಲ್ಲಿ ಕಿರುಕುಳ ತಾಳಲಾರದೆ ಅವರೆಲ್ಲ ಮೇಲಿನ ಮಹಡಿಗಳಿಗೆ ಹೋಗಿ ಒತ್ತಟ್ಟಿಗೆ ಸೇರಿಕೊಂಡಿದ್ದರು. ದೇಶದ ದೊಡ್ಡ ಹೆಸರಿನ ವೈದ್ಯಕೀಯ ಸಂಸ್ಥೆಯೊಳಗೆ ಒಂದು ಹೊಲಗೇರಿ! ಅವರ ಎದೆಬಡಿತ ಏರಿದ್ದರೆ ಅದಕ್ಕೆ ಕಾರಣ ಎದೆಯೊಳಗಿತ್ತೋ, ಕೆಳಗಿನ ಮಹಡಿಯಲ್ಲಿತ್ತೋ?

ಇನ್ನೊಂದು ಲೆಕ್ಕ. 2023ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಸರ್ಕಾರವೇ ಕೊಟ್ಟದ್ದು. ಹಿಂದಿನ ಐದು ವರ್ಷಗಳಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯ, ಐಐಟಿ, ಐಐಎಂಗಳಿಂದ ಓದು ಬಿಟ್ಟು ಹೊರಬಿದ್ದ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು 13,626. ಯಾಕೆ ಅಂತ ಕೇಳಿದರೆ, ವಿದ್ಯಾರ್ಥಿಗಳಿಗೆ ಬಹಳ ಆಯ್ಕೆಗಳಿವೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗ್ತಾರೆ ಅನ್ನೋ ಅರ್ಥದ ಉತ್ತರ. ಹೊಲ ಅಡವಿಟ್ಟು ಮಗನನ್ನು ಕಳಿಸಿದ ಅಪ್ಪನಿಗೆ ಈ ಆಯ್ಕೆ ಅನ್ನೋ ಪದದ ಅರ್ಥವನ್ನು ಯಾರು ಬಿಡಿಸಿ ಹೇಳ್ತೀರಿ? 2022ನೇ ಒಂದೇ ವರ್ಷದಲ್ಲಿ ಈ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಅನ್ನುತ್ತೆ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿ. ಆ ವರದಿಯಲ್ಲಿ ಲಿಂಗ, ವಯಸ್ಸು, ಓದು, ಆದಾಯ ಎಲ್ಲದಕ್ಕೂ ಕಾಲಂ ಇದೆ. ಜಾತಿಗೆ ಇಲ್ಲ. ಹುಟ್ಟಿದಾಗಿನಿಂದ ಬೆನ್ನು ಬಿಡದ ಜಾತಿ ಸಾವಿನ ಪಟ್ಟಿಯಲ್ಲಿ ಮಾತ್ರ ಕಾಣೆ.

2021ರ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಸ್ಟೆಲಿನ ಸೀಲಿಂಗ್ ಫ್ಯಾನುಗಳನ್ನು ತೆಗೆದು ಗೋಡೆ ಫ್ಯಾನು ಹಾಕಿಸಲು ಹೊರಟಿತು. ಅದರಿಂದ ಒಂದು ಜೀವ ಉಳಿದರೂ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಫ್ಯಾನು ಬದಲಾಯಿಸೋದು ಸುಲಭ, ಕ್ಯಾಂಪಸ್ಸಿನ ಗಾಳಿ ಬದಲಾಯಿಸೋದು ಕಷ್ಟ. ಎಲ್ಲ ಕಡೆಯೂ ಸುಲಭದ ಕೆಲಸಕ್ಕೆ ಟೆಂಡರು ಕರೀತಾರೆ, ಕಷ್ಟದ ಕೆಲಸಕ್ಕೆ ಕಮಿಟಿ ಮಾಡ್ತಾರೆ.

ಈಗ ಸಪೋರ್ಟ್ ಗ್ರೂಪಿನ ಮಾತಿಗೆ ಬರೋಣ. ನಮಗೆ ಸಪೋರ್ಟ್ ಗ್ರೂಪು ಇರಲಿಲ್ಲವೆ? ಇತ್ತು. ಮದ್ರಾಸಿನ ಐಐಟಿಯಲ್ಲಿ ಅಂಬೇಡ್ಕರ್ ಪೆರಿಯಾರ್ ಸ್ಟಡಿ ಸರ್ಕಲ್ ಇತ್ತು. 2015ರ ಮೇ ತಿಂಗಳಲ್ಲಿ ಅದರ ಮಾನ್ಯತೆ ಕಿತ್ತುಕೊಂಡರು. ದೇಶದ ತುಂಬ ಗಲಾಟೆಯಾದ ಮೇಲೆ ಜೂನ್‌ನಲ್ಲಿ ವಾಪಸು ಕೊಟ್ಟರು. ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿ ಅಂಬೇಡ್ಕರ್ ಸ್ಟೂಡೆಂಟ್ಸ್ ಅಸೋಸಿಯೇಷನ್ ಇತ್ತು. ಅದರ ಐದು ಜನರನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. 2016ರ ಜನವರಿಯಲ್ಲಿ ಅವರು ಕ್ಯಾಂಪಸ್ಸಿನ ಬಯಲಲ್ಲೇ ಗುಡಾರ ಹಾಕಿ ಮಲಗಿದರು. ಅದಕ್ಕೆ ವೆಲಿವಾಡ ಅಂತ ಹೆಸರಿಟ್ಟರು. ತೆಲುಗಿನ ವೆಲಿವಾಡ ಅಂದರೆ ಊರಾಚೆಯ ನಮ್ಮ ಕೇರಿಯೇ. ಆ ಐವರಲ್ಲಿ ಒಬ್ಬ ರೋಹಿತ್ ವೇಮುಲ. ಜನವರಿ 17ರಂದು ಅವನು ತೀರಿಕೊಂಡ. ತಿಂಗಳಿಗೆ 25,000 ರೂಪಾಯಿಯ ಅವನ ಫೆಲೋಶಿಪ್ 7 ತಿಂಗಳಿಂದ ನಿಂತಿತ್ತು. ಬಾಕಿ 1.75 ಲಕ್ಷವನ್ನು ಮನೆಯವರಿಗೆ ತಲುಪಿಸಿ ಅಂತ ಬರೆದಿಟ್ಟು ಹೋದ. ನಾಲ್ಕರವರೆಗೆ ಎಣಿಸಿ ಉಸಿರು ಬಿಟ್ಟಿದ್ದರೆ ಆ ಬಾಕಿ ಜಮೆಯಾಗುತ್ತಿತ್ತೆ?

ನಮ್ಮ ಹುಡುಗರು ತಾವೇ ಕಟ್ಟಿಕೊಂಡ ಗುಂಪು ಇವರ ಕಣ್ಣಿಗೆ ರಾಜಕೀಯ. ಇವರು ಕಟ್ಟಿಕೊಡೋ ಗುಂಪು ಆರೋಗ್ಯ. ವ್ಯತ್ಯಾಸ ಏನು ಗೊತ್ತೆ? ನಮ್ಮ ಗುಂಪಿನಲ್ಲಿ ಅತ್ತವನು ಎದ್ದು ಅರ್ಜಿ ಬರೀತಾನೆ. ಇವರ ಗುಂಪಿನಲ್ಲಿ ಅತ್ತವನು ಮುಖ ಒರೆಸಿಕೊಂಡು ರೂಮಿಗೆ ಹೋಗ್ತಾನೆ.

ಗೆಳೆಯರೇ, ಬಾಬಾಸಾಹೇಬರನ್ನು ನೆನೆಯಿರಿ. 1917. ವಯಸ್ಸು 26. ಕೊಲಂಬಿಯಾದಲ್ಲಿ ಓದಿ, ಲಂಡನ್ನಿನಲ್ಲಿ ಓದಿ ಬರೋಡಾದ ನೌಕರಿಗೆ ಬಂದವರಿಗೆ ತಲೆ ಮರೆಸಿಕೊಳ್ಳಲು ಒಂದು ಸೂರಿಲ್ಲ. ಪಾರ್ಸಿಗಳ ವಸತಿಗೃಹದಿಂದ ಕೋಲು ಹಿಡಿದ ಜನ ಬಂದು ಹೊರಗೆ ಹಾಕಿದರು. ಊರಿನ ಸಾರ್ವಜನಿಕ ತೋಟದಲ್ಲಿ ನೊಂದು ಕೂತು, ರಾತ್ರಿಯ ರೈಲು ಹತ್ತಿ ಮುಂಬೈಗೆ ಬಂದರು. ಆ ನೋವಿಗೆ ಅವರು ಕಂಡುಕೊಂಡ ಮದ್ದು ಯಾವುದು? 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದರು. 1925ರಲ್ಲಿ ಸಭೆಯಿಂದ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆದರು. ತನಗೆ ಸೂರು ಸಿಗದಿದ್ದವರು ಮುಂದಿನವರಿಗೆ ಸೂರು ಮಾಡಿದರು. ಸಪೋರ್ಟ್ ಗ್ರೂಪು ಅಂದರೆ ಅದು.

ನಮ್ಮ ನಾಡಿನಲ್ಲೂ ಹಾಗೇ ಆಯ್ತು. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ ಅಂದಾಗ ಅವರ ಮಂತ್ರಿಗಿರಿ ಹೋಯ್ತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಪೆಟ್ಟು ತಿಂದವರು ಯಾವ ಶಿಬಿರಕ್ಕೂ ಹೋಗಲಿಲ್ಲ. ಹಾಸ್ಟೆಲಿನ ರೂಮುಗಳಲ್ಲಿ ಕೂತು ಮಾತಾಡಿದರು, ಓದಿದರು, ಬರೆದರು. ಆ ಮಾತಿನಿಂದ ದಲಿತ ಸಂಘರ್ಷ ಸಮಿತಿ ಎದ್ದು ನಿಂತಿತು. ಇವತ್ತು ನಾವು ಎದೆ ಎತ್ತಿ ಉಸಿರಾಡುತ್ತಿದ್ದರೆ ಅದು ಆ ರೂಮುಗಳು ಕಲಿಸಿದ ಉಸಿರಾಟ.

ಹಾಗಾದರೆ ಈಗ ಏನು ಕೇಳಬೇಕು? 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯಲು ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಜುಲೈನಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬರಾದರೂ ಅರ್ಹ ಸಮಾಲೋಚಕರು ಇರಬೇಕು ಅಂದಿತು. ಸರಿ, ಬರಲಿ. ಆದರೆ ಆ ಸಮಾಲೋಚಕರು ಕನ್ನಡ ಬಲ್ಲವರಾಗಿರಬೇಕು. ಜಾತಿ ಅನ್ನೋದು ಭ್ರಮೆಯಲ್ಲ ಅಂತ ಬಲ್ಲವರಾಗಿರಬೇಕು. ನಮ್ಮ ಕೇರಿಗಳಿಂದ ಓದಿ ಬಂದವರೂ ಆ ಕುರ್ಚಿಯಲ್ಲಿ ಕೂರಬೇಕು. ನಾವು ಹೇಳಿದ ಗುಟ್ಟು ಗೈಡಿನ ಕಿವಿಗೆ ಬೀಳಬಾರದು. ಸ್ಕಾಲರ್‌ಶಿಪ್ಪಿಗೆ ತಾರೀಕು ಗೊತ್ತು ಮಾಡಬೇಕು. ನೌಕರರಿಗೆ ತಿಂಗಳ ಸಂಬಳ ತಪ್ಪಲ್ಲ, ನಮ್ಮ ಅನ್ನ ಯಾಕೆ ತಪ್ಪಬೇಕು? ಸಮಾನ ಅವಕಾಶ ಕೋಶ, ತಾರತಮ್ಯ ತಡೆಯೋ ಅಧಿಕಾರಿ ಇರಬೇಕು ಅಂತ 2012ರಲ್ಲೇ ಯುಜಿಸಿ ನಿಯಮ ಮಾಡಿತ್ತು. ಅದು ಜಾರಿಯಾಗಲಿ ಅಂತ 2019ರಲ್ಲಿ ರೋಹಿತನ ತಾಯಿಯೂ, ಆ ವರ್ಷ ಮೇ ತಿಂಗಳಲ್ಲಿ ಮುಂಬೈಯಲ್ಲಿ ತೀರಿಕೊಂಡ ಆದಿವಾಸಿ ವೈದ್ಯೆ ಪಾಯಲ್ ತಡವಿಯ ತಾಯಿಯೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯ್ತು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ನಿಯಮದ ಪುಸ್ತಕ ಹಿಡಿದು ಓಡಾಡಿದರು. ನಿಯಮ ಮಾಡಿದವರು ದೀಪ ಹಚ್ಚಿಕೊಂಡಿದ್ದರು. ರೋಹಿತನ ಹೆಸರಿನ ಕಾಯ್ದೆಯ ಮಾತು 2025ರಲ್ಲಿ ಕರ್ನಾಟಕದಲ್ಲೂ ಎದ್ದಿತು. ಅದು ಮಾತಿನಲ್ಲೂ ನಿಲ್ಲಬಾರದು, ಕಾಗದದಲ್ಲೂ ನಿಲ್ಲಬಾರದು.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ನಿಮ್ಮ ಕೈಯಲ್ಲಿ ಕಲಿತ ಹುಡುಗಿ ಪಟ್ಟಣದ ಕಾಲೇಜಿಗೆ ಹೊರಟಾಗ, ಚೆನ್ನಾಗಿ ಓದಮ್ಮ ಅಂತ ಮಾತ್ರ ಹೇಳಿ ಕಳಿಸಬೇಡಿ. ಅಲ್ಲಿ ಯಾರಾದರೂ ನಿನ್ನನ್ನು ಕೀಳಾಗಿ ಕಂಡರೆ ತಪ್ಪು ನಿನ್ನದಲ್ಲ ಕಣವ್ವ, ಒಬ್ಬಳೇ ನುಂಗಿಕೋಬೇಡ, ನಮ್ಮವರು ಯಾರಿದ್ದಾರೆ ಹುಡುಕು ಅಂತಲೂ ಹೇಳಿ.

ಗೆಳೆಯರೇ, ಸಾವು ಯಾವ ಪ್ರಶ್ನೆಗೂ ಉತ್ತರ ಅಲ್ಲ. ನಾವು ಬದುಕಬೇಕು, ಬದುಕಿ ಕೇಳಬೇಕು. ಗುಂಪು ಬೇಕೇ ಬೇಕು, ಆದರೆ ಅದು ನಾವು ಕಟ್ಟಿದ್ದಾಗಿರಲಿ. ಈ ವಾರವೇ ನಿಮ್ಮ ಹಾಸ್ಟೆಲಿನಲ್ಲಿ ದುಂಡಗೆ ಕೂತುಕೊಳ್ಳಿ, ಕಣ್ಣು ತೆರೆದು ಕೂತುಕೊಳ್ಳಿ. ಯಾರಿಗೆ ನಿದ್ದೆ ಬರ್ತಿಲ್ಲ, ಯಾರು ಊಟ ಬಿಟ್ಟಿದ್ದಾರೆ ನೋಡಿ. ಆಸ್ಪತ್ರೆಗೆ ಹೋಗಬೇಕಾದವರ ಜೊತೆ ಒಬ್ಬರು ಹೋಗಿ. ಯಾರ ಸ್ಕಾಲರ್‌ಶಿಪ್ ಎಷ್ಟು ತಿಂಗಳಿಂದ ನಿಂತಿದೆ, ಯಾರಿಗೆ ಯಾವ ವೈವಾದಲ್ಲಿ ಏನು ಕೇಳಿದರು, ತಾರೀಕು ಸಮೇತ ಬರೆಯಿರಿ. ಕೆಳಗೆ ಎಲ್ಲರೂ ಸಹಿ ಹಾಕಿ. ಆ ಹಾಳೆಯನ್ನು ಕುಲಪತಿಗಳ ಮೇಜಿನ ಮೇಲಿಟ್ಟು, ಸ್ವೀಕೃತಿ ಮುದ್ರೆ ಒತ್ತಿಸಿಕೊಳ್ಳುವವರೆಗೂ ಅಲ್ಲೇ ನಿಲ್ಲಿ.